ವಿಮಾನದ ಕೆಳಗೆ ಒಂದು ಕೂಗು

"ನನ್ನ ಗಂಡನ ಬೆರಳ ಜಜ್ಜ್ಯಾರ್ರೀ ಬಾಯಾರ. ಇನ್ನ ಜೀವಾನೂ ತಗೀತಾರ!"

ಸತ್ತೆವ್ವ ಹೊಸ್ತಿಲಲ್ಲೇ ಕುಸಿದಾಗ ಅಕ್ಕವ್ವ ಬಾಯಿ ಜೋಳ ಹಸನು ಮಾಡುತ್ತಿದ್ದರು. ಅವರು ಕಾಗವಾಡದ ನಿವೃತ್ತ ನರ್ಸು. ಆಯುಷ್ಯವೆಲ್ಲ ಗಾಯಗಳನ್ನೂ ಗಾಯಗೊಂಡವರ ಸುಳ್ಳುಗಳನ್ನೂ ನೋಡಿದವರು. ನಾನು ಅವರ ಬಾಜೂ ಮನೆಯ ಹಾಲಸಿದ್ದ, ನಿವೃತ್ತ ಕಂಡಕ್ಟರ್. ಪೊಲೀಸರಿಗೆ ದಿಕ್ಕು ತೋಚದಾಗ ಜನ ಇವರ ಬಾಗಿಲಿಗೆ ಬರುವುದೂ, ನನ್ನ ಚಹಾ ಆರಿಹೋಗುವುದೂ ರೂಢಿಯಾಗಿತ್ತು.

ಆಗ ತೊಂಬತ್ತೆರಡನೇ ಇಸವಿ. ಐನಾಪುರದ ದ್ರಾಕ್ಷಿ ತೋಟದ ಸಾಹುಕಾರ ರಾವಸಾಹೇಬನಿಗೆ ಒಂದು ಹುಚ್ಚಿತ್ತು. ಮುಂಬಯಿಯಿಂದ ರೇಡಿಯೋ ಪೆಟ್ಟಿಗೆ ತರಿಸಿ, ಮರ ಕೊಯ್ಯುವ ಯಂತ್ರದ ಎಂಜಿನ್ ಬಿಚ್ಚಿ ಕೂರಿಸಿ, ನೆಲದಲ್ಲಿ ನಿಂತೇ ಆ ಪೆಟ್ಟಿಗೆಯಿಂದ ಹಾರಿಸುವ, ಹತ್ತಡಿ ರೆಕ್ಕೆಯ ವಿಮಾನ ಕಟ್ಟಿದ್ದ. ಅವನ ಆಳು, ಸತ್ತೆವ್ವನ ಗಂಡ ಭರಮು ಅದರ ಕಟ್ಟಿಗೆ ಕೆತ್ತಿದ್ದ, ಬಟ್ಟೆ ಬಿಗಿದಿದ್ದ. ಹಿಂದಿನ ಸಂಜೆ ಅದೇ ವಿಮಾನ ಸಾಹುಕಾರನ ತಮ್ಮ ಪಾರಿಸನಿಗೆ ಬಡಿದು ಅವನನ್ನು ಕೊಂದಿತ್ತು. ಭರಮು ಬ್ಯಾಟರಿ ಚಾರ್ಜ್ ಮಾಡಿರಲಿಲ್ಲ, ಪೆಟ್ಟಿಗೆ ಸತ್ತು ವಿಮಾನ ಕೈತಪ್ಪಿತು ಎಂದ ಸಾಹುಕಾರ. ಅಷ್ಟು ಮಾತಿಗೇ ಅವನ ಬಳಗದವರು ಭರಮುವಿನ ಕೈಗಳನ್ನು ಕಲ್ಲಿನಿಂದ ಜಜ್ಜಿ, ಆಮೇಲೆ ಪೊಲೀಸರಿಗೆ ಒಪ್ಪಿಸಿದ್ದರು.

"ಇಮಾನ ಬಡಿಯೂ ಮುಂದ ಸಾಹುಕಾರ ಏನರ ಅಂದನೇನು?" ಬಾಯಿ ಕೇಳಿದರು.

"'ಖಾಲಿ! ಖಾಲಿ!' ಅಂತ ಚೀರಿದ್ರಿ, ಬ್ಯಾಟರಿ ಖಾಲಿ ಆತಂತ. ನಾ ಕಬ್ಬಿನ್ಯಾಗ ಕಸಾ ತಗ್ಯಾಕತ್ತಿದ್ನಿ."

"ಇಮಾನದ ಸಪ್ಪಳ?"

"ಮೊದಲ ಸಣ್ಣ ಆಗಿತ್ರಿ, ಇಳಿಸೂ ಮುಂದ ಆಗ್ತೈತಲ್ಲ, ಹಂಗ. ಆಮ್ಯಾಲ ಒಮ್ಮಿಂದೊಮ್ಮೆಲೆ ಹೋ ಅಂತ ಒದರಿತ್ರಿ."

ಐನಾಪುರದ ಬಸ್ಸಿನಲ್ಲಿ ಒಬ್ಬ ಎಳೆ ಕಂಡಕ್ಟರ್ "ಹಿಂದ ಖಾಲಿ ಐತಿ, ಸರೀರಿ" ಎಂದು ಒದರುತ್ತಿದ್ದ. ನನಗೆ ಹಳೆಯದು ನೆನಪಾಯಿತು. ನಾನು ಹಾಗೆ ಕೂಗಿದರೆ ಮಿರಜ ಕಡೆಯ ಮುದುಕಿಯರು ಗಂಟು ಎತ್ತಿಕೊಂಡು ಇಳಿಯಲು ಏಳುತ್ತಿದ್ದರು. ಅವರ ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ಇದನ್ನು ಹೇಳಿ ನಾನೊಬ್ಬನೇ ನಕ್ಕೆ. ಬಾಯಿ ನಗಲಿಲ್ಲ.

ದವಾಖಾನೆಯಲ್ಲಿ ಪಾರಿಸನ ಹೆಣ ನೋಡಿದೆವು. ಹಿಂದಲೆ ಒಡೆದಿತ್ತು. ಎರಡೂ ಅಂಗೈಗಳ ಹಿಂಬದಿಯನ್ನು ವಿಮಾನದ ಮೂತಿಯ ಪಂಕಾ ಸೀಳಿತ್ತು. ಬಾಯಿ ತೋರಿಸಿದ್ದು ಮಾತ್ರ ಮಣ್ಣು ಮೆತ್ತಿದ ಮೊಣಕಾಲುಗಳನ್ನು. "ಕಾಲು ಗಟ್ಟಿ ಇದ್ದ ಹುಡುಗ ಓಡೂದ ಬಿಟ್ಟು ತಲಿ ಹಿಡ್ಕೊಂಡ ಯಾಕ ಕುಂತ, ಕಂಡಕ್ಟರ?"

ತೋಟದ ನಡುವೆ ವಿಮಾನ ಇಳಿಯುವ ಪಟ್ಟಿ ಇತ್ತು. ರೋಲರ್ ಹೊಡೆದ ಬೋಳು ನೆಲ. ಅದರ ಕೊನೆಯಲ್ಲಿ ಹೊಸದಾಗಿ ತೋಡಿದ ಕುಣಿಗಳು, ಪಕ್ಕದಲ್ಲಿ ದ್ರಾಕ್ಷಿ ಚಪ್ಪರದ ಕಲ್ಲಿನ ಕಂಬಗಳು.

"ವಾಟ್ನಿಯಾಗ, ಆಸ್ತಿ ಪಾಲ ಆದಾಗ, ಈ ಪಟ್ಟಿ ಪಾರಿಸಗ ಹೋಗಿತ್ರಿ. ದ್ರಾಕ್ಷಿ ಹಚ್ಚಾವ ಇದ್ದ," ಎಂದ ರಾವಸಾಹೇಬ, ಕಣ್ಣಲ್ಲಿ ಹನಿ ನೀರಿಲ್ಲದೆ. ಆಮೇಲೆ ಒಳಮನೆಯತ್ತ ತಿರುಗಿ, "ಆಯಿ, ಚಹಾ ಪಾಠವ," ಎಂದು ಚಹಾ ಕಳಿಸಲು ಮರಾಠಿಯಲ್ಲಿ ಕೂಗಿದ. ಅವನ ತಾಯಿಯ ತವರು ಮಿರಜ.

ಮಧ್ಯಾಹ್ನ ಬಾಯಿ ಎಲ್ಲರನ್ನೂ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಕೂಡಿಸಿದರು. ಠಾಣೆಯ ಫೌಜದಾರರು, ಸಾಹುಕಾರನ ಬಳಗ, ಕೈಗೆ ಬಟ್ಟೆ ಸುತ್ತಿಕೊಂಡ ಭರಮು. ನಡುವೆ ಮುರಿದ ವಿಮಾನ. ಸತ್ತೆವ್ವ ಕಿಟ್ಲಿ ಹಿಡಿದು ಚಹಾ ಕೊಡುತ್ತಿದ್ದಳು.

ಇದ್ದಕ್ಕಿದ್ದಂತೆ ಬಾಯಿ ಕಿರುಚಿದರು. "ಖಾಲಿ! ಖಾಲಿ!"

ಸತ್ತೆವ್ವ ಬಗ್ಗಿ ಕಿಟ್ಲಿಯೊಳಗೆ ನೋಡಿದಳು. ರಾವಸಾಹೇಬ ತಲೆಯ ಮೇಲೆ ಎರಡೂ ಕೈ ಇಟ್ಟು ಮೊಣಕಾಲೂರಿ ಬಗ್ಗಿದ.

"ನೋಡ್ರಿ ಫೌಜದಾರ್ರ," ಬಾಯಿ ಅಂದರು. "ಈಕಿಗೆ ಖಾಲಿ ಅಂದ್ರ ಬರಿದು. ಈ ಮನಿಯವರಿಗೆ ಖಾಲಿ ಅಂದ್ರ ಕೆಳಗ. ಅಣ್ಣತಮ್ಮರು ತಮ್ಮತಮ್ಮೊಳಗ ಅವ್ವನ ಮಾತ ಆಡವರು. ಅಣ್ಣ ಬಗ್ಗು ಅಂದ, ತಮ್ಮ ಬಗ್ಗಿದ. ಅದಕ್ಕ ಮೊಣಕಾಲಿಗೆ ಮಣ್ಣು, ಕೈಗೆ ಗಾಯ. ಬಗ್ಗದಿದ್ರ ಜಿಗದು ತಪ್ಪಿಸ್ಕೋತಿದ್ದ."

ರಾವಸಾಹೇಬ ಧೋತರ ಝಾಡಿಸಿಕೊಂಡು ಎದ್ದ. "ಉಳಸಾಕ ಕೂಗಿದ್ನಿರಿ. ಇಮಾನ ತಲಿಮ್ಯಾಲಿಂದ ಹೋಗಲಿ ಅಂತ."

"ಹಂಗಾರ ಬ್ಯಾಟರಿ ಖಾಲಿ ಅಂದೆ ಅಂತ ಪೊಲೀಸರ ಕಡೆ ಯಾಕ ಬರಸಿದಿ?" ಬಾಯಿಯ ಮಾತಿನಲ್ಲಿ ಈಗ ರೀ ಇರಲಿಲ್ಲ. ಅವರು ಎಂಜಿನ್ನಿನ ಬದಿಯ ಸಣ್ಣ ಸಳಿಯನ್ನು, ವೇಗ ಏರಿಸಿ ಇಳಿಸುವ ಕಡ್ಡಿಯನ್ನು, ಮುಟ್ಟಿ ತೋರಿಸಿದರು. "ಎಕ್ಸಲೇಟರ್ ಪೂರಾ ತೆರದೈತಿ. ಬಿದ್ದ ಹೊಡತಕ್ಕ ಸಳಿ ಅಲ್ಲೇ ಬಾಗಿ ಸಿಕ್ಕೊಂಡೈತಿ. ಇಳಸಾಕಂತ ನೀನ ಸಣ್ಣ ಮಾಡಿದ್ದಿ, ಸತ್ತೆವ್ವ ಕೇಳ್ಯಾಳ. ನಿನ್ನ ಕೈಯಾನ ಪೆಟ್ಟಿಗಿ ಸತ್ತಿದ್ರ, ಆಮ್ಯಾಲ ಜೋರ ಮಾಡಿದವರ್ಯಾರು?"

"ಆದ್ರ ಇವತ್ತ ಮುಂಜಾನೆ ನಾ ಜಪ್ತಿ ಮಾಡಿದಾಗ ಬ್ಯಾಟರಿ ಇಳದಿತ್ತಲ್ರಿ?" ಫೌಜದಾರರು ಕೇಳಿದರು.

"ರಾತ್ರಿಯೆಲ್ಲ ಪೆಟ್ಟಿಗಿ ಚಾಲೂ ಬಿಟ್ರ ಯಾವ ಬ್ಯಾಟರಿ ಉಳೀತೈತ್ರಿ? ಕಂಬದ ಕುಣಿ ನೋಡ್ರಿ, ಕಾರಣ ಅಲ್ಲೇ ಐತಿ. ಪಾರಿಸ ಅಳತಿ ಮಾಡಾಕ ಬಂದು ನಿಲ್ಲೂದನ್ನ ಕಾದಾನ."

ರಾವಸಾಹೇಬ ಅಳಲಿಲ್ಲ, ಬೇಡಿಕೊಳ್ಳಲಿಲ್ಲ. "ಬ್ಯಾರೆ ಹೊಲ ಕೊಡ್ತೀನಂದ್ನಿ. ಒಲ್ಲೆ ಅಂದ. ಅಲ್ಲಿ ಕಂಬ ಹುಗದ್ರ ನನ್ನ ಇಮಾನ ಎಲ್ಲಿ ಇಳೀಬೇಕಿತ್ತ?" ಎಂದ. ಆಮೇಲೆ ಭರಮುವಿನ ಕಡೆ ತಿರುಗಿದಾಗ ಅವನ ಮುಖ ಅರಳಿತು. ಅದನ್ನು ನೆನೆದರೆ ಇವತ್ತಿಗೂ ನನಗೆ ಸಿಟ್ಟು ನೆತ್ತಿಗೇರುತ್ತದೆ. "ನಮ್ಮ ಇಮಾನ ತಿರಗಿ ಹೊಳ್ಳಿದ್ದ ನೋಡಿದೇನಲೇ ಭರಮ್ಯಾ? ಗುರಿ ಒಂದ ಗೇಣ ತಪ್ಪಲಿಲ್ಲ."

ಭರಮು ತನ್ನ ಕೈಗಳನ್ನೇ ನೋಡುತ್ತ ಕುಳಿತಿದ್ದ. ಪೊಲೀಸರು ಸಾಹುಕಾರನನ್ನು ಜೀಪು ಹತ್ತಿಸುವಾಗ, ಹಿಂದಿನ ದಿನ ಕಲ್ಲು ಎತ್ತಿದ್ದ ಬಳಗದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ತಪ್ಪಾಯಿತು ಎಂದವರು ಒಬ್ಬರೂ ಇಲ್ಲ.

ಫೌಜದಾರರು ಬಿಡುಗಡೆಯ ಕಾಗದ ಬಿಚ್ಚಿ ಮಸಿಯ ಡಬ್ಬಿ ತೆರೆದರು. "ಹೆಬ್ಬೆಟ್ಟ ಒತ್ತಲೇ ಭರಮು. ನೀ ಪಾರಾದಿ."

ಸತ್ತೆವ್ವ ಕಿಟ್ಲಿ ಕೆಳಗಿಟ್ಟು, ಗಂಡನ ಎರಡೂ ಕೈಗಳ ಬಟ್ಟೆ ಬಿಚ್ಚಿ ಅವರ ಮುಂದೆ ಹಿಡಿದಳು.

"ಯಾವದ ಹೆಬ್ಬೆಟ್ರಿ ಸಾಹೇಬ್ರ? ಉಳದಿದ್ರ ನೀವ ಆರಿಸ್ಕೋರಿ."

ಫೌಜದಾರರು ಕಾಗದವನ್ನು ಸತ್ತೆವ್ವನ ಕಡೆ ಸರಿಸಿದರು. ಕೊನೆಗೆ ಆಕೆಯ ಹೆಬ್ಬೆಟ್ಟನ್ನೇ ಒತ್ತಿಸಿಕೊಂಡು ಹೋದರು.