ಗುಳ್ಳೆ ಮಾಯವಾದ ಮುಖ

ಮಂಜಯ್ಯನವರ ಶೀಶೆಯಲ್ಲಿದ್ದದ್ದು ಕ್ಯಾನ್ಸರ್ ಮಾತ್ರೆಯಲ್ಲ, ಕ್ಯಾಲ್ಸಿಯಂ ಮಾತ್ರೆ. ಗಡ್ಡೆ ಮತ್ತೆ ಯಾಕೆ ಬೆಳೆಯಿತೆಂದು ನೋಡಲು ಮಂಗಳೂರಿನಿಂದ ಬಂದ ಡಾಕ್ಟರ್ ಅಮೂಲ್ಯಾ ಅದನ್ನು ಕಂಡುಹಿಡಿದರು. ಅಸಲಿ ಮಾತ್ರೆ ಇನ್ನೂ ಅಂಗಡಿಗೆ ಬಂದಿರಲಿಲ್ಲ. ಪ್ರಯೋಗಕ್ಕೆ ಒಪ್ಪಿದ ರೋಗಿಗಳಿಗೆ ಮಾತ್ರ ಸಿಗುತ್ತಿತ್ತು. ಅದು ೨೦೦೪. ಕಳಸದಲ್ಲಿ ಸಬ್‌ಇನ್‌ಸ್ಪೆಕ್ಟರ್ ನಾನು. ಸಾಯುತ್ತಿರುವವರ ಮಾತ್ರೆ ಕದ್ದವನ ಚರ್ಮ ಸುಲಿಯಬೇಕು ಎಂದುಕೊಂಡೇ ಜೀಪ್ ಹತ್ತಿದೆ.

ಮಂಜಯ್ಯ ಸಣ್ಣ ಕಾಫಿ ಬೆಳೆಗಾರರು. ಬಾಯಿ ಕ್ಯಾನ್ಸರ್. ದವಡೆ ಊದಿಕೊಂಡಿತ್ತು.

"ಮೊದ್ಲು ಮುಖ ತುಂಬಾ ಗುಳ್ಳೆ ಎದ್ದಿತ್ತು ಸಾರ್. ಈಗ ಪೂರಾ ಹೋಗಿದೆ. ಗುಣ ಆಗ್ತಿದೆ ಅಂದ್ಕೊಂಡಿದ್ದೆ."

ಅವರ ಹೆಂಡತಿ ರುಕ್ಮಿಣಮ್ಮ ಕಾಫಿ ತಂದರು. ಮುಖಕ್ಕೆ ದಪ್ಪಗೆ ಅರಿಸಿನ. ತಮ್ಮ ಲೋಟವನ್ನು ಆರಲು ಬಿಟ್ಟು ಕೂತರು.

"ಔಷಧಿ ತರೋದು ಯಾರು?"

"ಪಕ್ಕದ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್, ಏಕಾಂತಪ್ಪ. ಮಂಗಳೂರಿಂದ ಮೂಡಿಗೆರೆ ಆಸ್ಪತ್ರೆಗೆ ಬಂದಿರುತ್ತೆ, ಅಲ್ಲಿಗೆ ಹೋದಾಗ ತಂದ್ಕೊಡ್ತಾರೆ."

* * *

ಏಕಾಂತಪ್ಪನನ್ನು ಚೆನ್ನಾಗಿ ಗದರಿದೆ.

"ಸೀಲ್ ಒಡೀದೇ ಕೊಟ್ಟಿದೀನಿ ಸಾರ್. ಕಿತ್ತಿದ್ದು ಮಂಜಯ್ಯನವ್ರೇ. ಬೇಕಾದ್ರೆ ಕೇಳಿ."

ಕೇಳಿದೆ. ನಿಜ. ಸುಮ್ಮನೆ ಒಬ್ಬ ಸಂಭಾವಿತನನ್ನು ಬೈದಿದ್ದೆ. ಹಾಗಾದರೆ ಕಳ್ಳತನ ಮನೆಯೊಳಗೇ ಆಗಿದೆ. ಮನೆಯಲ್ಲಿರುವುದು ಗಂಡ ಹೆಂಡತಿ ಇಬ್ಬರೇ.

"ಗುಳ್ಳೆ ಯಾಕೆ ಹೋಯ್ತು ಮೇಡಂ?" ಎಂದು ಡಾಕ್ಟರನ್ನು ಕೇಳಿದೆ.

"ಕೈನೇಸ್ ಅಂತ ಕಿಣ್ವ ಇದೆ. ಜೀವಕೋಶಕ್ಕೆ ಬೆಳೆಯೋಕೆ ಸೂಚನೆ ಕೊಡೋದು ಅದು. ಈ ಕ್ಯಾನ್ಸರಲ್ಲಿ ಅದು ಸುಮ್ನಾಗೋದೇ ಇಲ್ಲ, ಗಡ್ಡೆ ಬೆಳೀತಾನೇ ಇರುತ್ತೆ. ಮಾತ್ರೆ ಅದನ್ನ ತಡೆಯುತ್ತೆ. ಆದ್ರೆ ಚರ್ಮಕ್ಕೂ ಅದೇ ಕೈನೇಸ್ ಬೇಕು. ಅದಕ್ಕೇ ಗುಳ್ಳೆ. ಮಾತ್ರೆ ಬಿಟ್ರೆ ಹೋಗುತ್ತೆ."

"ಬೇರೆಯವ್ರು ನುಂಗಿದ್ರೆ?"

"ಅವ್ರಿಗೂ ಏಳುತ್ತೆ."

ನನಗೆ ಅರಿಸಿನ ನೆನಪಾಯಿತು. ಡಾಕ್ಟರನ್ನೂ ಕರೆದುಕೊಂಡು ಮತ್ತೆ ಮಂಜಯ್ಯನವರ ಮನೆಗೆ ಹೋದೆ.

* * *

"ಮುಖ ತೊಳ್ಕೊಂಡು ಬನ್ನಿ ಅಮ್ಮ," ಎಂದೆ.

ರುಕ್ಮಿಣಮ್ಮ ಏಳಲಿಲ್ಲ. ಸೆರಗಿನಿಂದ ಕೆನ್ನೆ ಒರೆಸಿಕೊಂಡರು. ಅರಿಸಿನದಡಿ ಕೆಂಪು ಗುಳ್ಳೆಗಳು.

"ಐವತ್ತು ದಾಟಿದ್ಮೇಲೆ ಹೀಗೆ ಮೊಡವೆ ಏಳಲ್ಲ. ಬಿಸಿ ಕಾಫಿ ನಿಮ್ಗೆ ತಡೆಯೋಕಾಗಲ್ಲ. ಬಾಯಲ್ಲಿ ಹುಣ್ಣಿದೆ, ಅಲ್ವಾ? ಮಾತ್ರೆ ನೀವು ನುಂಗಿ, ಅವರ ಶೀಶೆಗೆ ಕ್ಯಾಲ್ಸಿಯಂ ತುಂಬಿದ್ರಿ."

ಡಾಕ್ಟರ್ ಟಾರ್ಚ್ ಹಿಡಿದು ಬಾಯಿ ನೋಡಿದರು. ಗಂಡನಿಗೆ ಇದ್ದ ಜಾಗದಲ್ಲೇ ಇವರಿಗೂ ಗಡ್ಡೆ ಇತ್ತು. ಇಬ್ಬರೂ ಒಂದೇ ತಟ್ಟೆಯಿಂದ ಎಲೆಯಡಿಕೆ, ಹೊಗೆಸೊಪ್ಪು ಹಾಕಿಕೊಂಡವರು.

"ಇವರ ಗುಳ್ಳೆ ನೋಡಿ ನೀವು, ಔಷಧಿ ಹಿಡೀತಿದೆ ಅಂದ್ರಲ್ಲ ಡಾಕ್ಟ್ರೇ," ಎಂದರು ರುಕ್ಮಿಣಮ್ಮ. "ಆವಾಗ ಆಸೆ ಆಯ್ತು. ನಂಗೂ ಬದುಕ್ಬೇಕು ಅನ್ನಿಸ್ತು."

"ಇವರನ್ನೂ ಪ್ರಯೋಗಕ್ಕೆ ಸೇರಿಸಿ ಮೇಡಂ," ಎಂದೆ.

"ಹೊಸಬರನ್ನ ಸೇರಿಸೋದು ನಿಂತೋಗಿದೆ. ಮಾತ್ರೆ ತಪ್ಪಿದ್ದಕ್ಕೆ ಮಂಜಯ್ಯನವರನ್ನೂ ಕೈಬಿಡ್ತಾರೆ." ಅಮೂಲ್ಯಾ ತಲೆ ಎತ್ತಲಿಲ್ಲ.

ಇನ್ನು ಇಬ್ಬರಿಗೂ ಮಾತ್ರೆ ಇಲ್ಲ. ಥೂ, ಇಂಥ ಪತ್ತೆ ಯಾರಿಗೆ ಬೇಕಿತ್ತು! ಅಪರಾಧಿ ನನ್ನೆದುರೇ ಕೂತಿದ್ದರು, ಅವರನ್ನು ಏನು ಮಾಡಬೇಕೆಂದೇ ನನಗೆ ತಿಳಿಯಲಿಲ್ಲ.

"ನಂಗೆ ಒಂದು ಮಾತು ಹೇಳ್ಬಾರ್ದಾಗಿತ್ತಾ ಮಾರಾಯ್ತಿ," ಎಂದರು ಮಂಜಯ್ಯ.

"ಹೇಳಿದ್ರೆ ನೀವೇ ಕೊಟ್ಬಿಡ್ತಿದ್ರಿ. ನೀವು ಕೈಯಾರೆ ಕೊಟ್ಟಿದ್ದನ್ನ ನುಂಗೋಕೆ ನನ್ನಿಂದ ಆಗ್ತಿರ್ಲಿಲ್ಲ."