ಏಳುನೂರ ಒಂದನೆಯ ಮೆಟ್ಟಿಲು

ಬಹಳ ಹಿಂದೆ, ಬೆಟ್ಟಗಳೂ ಮನುಷ್ಯರ ಮಾತಿಗೆ ಕಿವಿಗೊಡುತ್ತಿದ್ದ ಕಾಲದಲ್ಲಿ, ಹೇಮಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಬೆಟ್ಟದ ತುದಿಯಲ್ಲಿ ಗಿರಿಯಮ್ಮನ ಹಳೆಯ ಗುಡಿ. ಗುಡಿಗೆ ಏಳುನೂರು ಮೆಟ್ಟಿಲು. ಜನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹತ್ತಿ, ಸಂಜೆಗೆ ಇಳಿದು ಮನೆ ಸೇರುತ್ತಿದ್ದರು.

ಒಂದು ವರ್ಷ ಧೂಮಕೇಶಿ ಎಂಬ ಮಾಂತ್ರಿಕ ಬೆಟ್ಟ ಹೊಕ್ಕ. ಅಂದಿನಿಂದ ಯಾರು ಎಷ್ಟು ಹತ್ತಿದರೂ ಮೆಟ್ಟಿಲು ಮುಗಿಯಲೇ ಇಲ್ಲ. ಹೊತ್ತು ಮುಳುಗುವಾಗ ಮೆಟ್ಟಿಲ ಮೇಲಿದ್ದವರೆಲ್ಲ ಕೋತಿಗಳಾಗಿ ಮರ ಸೇರಿದರು. ರಾಜಕುಮಾರ ಕುದುರೆ ಏರಿ ಹೋದ. ಕುದುರೆ ಮಾತ್ರ ಮನೆಗೆ ಬಂತು.

ಆ ಊರಲ್ಲಿ ಹೊನ್ನಾಜಿ ಎಂಬ ಕುಂಬಾರ ಹೆಂಗಸಿದ್ದಳು. ತಾನೇ ಮಣ್ಣು ತುಳಿದು, ಮಡಕೆ ಸುಡುವ ಆವಿಗೆಯನ್ನೂ ತಾನೇ ಕಟ್ಟಿ ಮೇಲೆ ಬಂದವಳು. ಒಂದನ್ನೂ ಬಿಡದೆ ಎಲ್ಲ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತೇನೆಂದು ಅವಳು ಹರಕೆ ಹೊತ್ತಿದ್ದಳು.

ಗಂಡ ಚಿಕ್ಕೀರ ನಕ್ಕ. "ಹಂಗೆ ಬಗ್ಗಿ ಬಗ್ಗಿ ಹತ್ತಿದ್ರೆ ನೀನು ಗುಡಿ ಮುಟ್ಟೋದು ಮುಂದಿನ ಯುಗಾದಿಗೆ. ನನ್ನ ನೋಡು, ಹಾರಿಕೊಂಡು ಹೋಗಿ ಬರ್ತೀನಿ!" ಮೂರು ಮೂರು ಮೆಟ್ಟಿಲು ಹಾರುತ್ತ ಹೋದವನು ಸಂಜೆಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಹೊನ್ನಾಜಿ ಅರಿಸಿನ ಕುಂಕುಮದ ತಟ್ಟೆ ಹಿಡಿದು ಹೊರಟಳು.

"ಹೋಗಬೇಡ ಕಣೇ, ನೀನೂ ಕೋತಿಯಾಗ್ತೀಯ!" ಎಂದರು ನೆರೆಯವರು.

"ಹರಕೆ ನನ್ನದು, ಗಂಡನೂ ನನ್ನವನೇ. ಬುತ್ತಿ ಇಬ್ಬರಿಗೂ ಕಟ್ಟಿದ್ದೀನಿ."

ನೂರನೆಯ ಮೆಟ್ಟಿಲಲ್ಲಿ ಹುಲಿಯೊಂದು ಅಡ್ಡ ನಿಂತು ಗರ್ಜಿಸಿತು. "ಓಡು!"

"ಕಾಲೆತ್ತು. ನೀನು ಮೆಟ್ಟಿರೋ ಜಾಗಕ್ಕೆ ಬೊಟ್ಟಿಡಬೇಕು" ಎಂದಳು ಹೊನ್ನಾಜಿ. ಅಂಥ ಮಾತನ್ನು ಹುಲಿ ಯಾವತ್ತೂ ಕೇಳಿರಲಿಲ್ಲ. ಕಾಲೆತ್ತಿತು. ಅವಳು ಬೊಟ್ಟಿಟ್ಟಳು. ಹುಲಿ ಹೊಗೆಯಾಯಿತು.

ಮುನ್ನೂರನೆಯ ಮೆಟ್ಟಿಲಲ್ಲಿ ಚಿನ್ನದ ಪಲ್ಲಕ್ಕಿ ಕಾದಿತ್ತು. "ಕೂತ್ಕೊಳ್ಳಿ ತಾಯಿ, ಹೊತ್ತೊಯ್ತೀವಿ" ಎಂದರು ಬೋವಿಗಳು.

"ಅಲ್ಲಿ ಕೂತರೆ ಮೆಟ್ಟಿಲಿಗೆ ನನ್ನ ಕೈ ಎಟುಕುತ್ತೇನ್ರಪ್ಪಾ? ಪಕ್ಕಕ್ಕೆ ಸರೀರಿ." ಅವಳು ಬೊಟ್ಟಿಟ್ಟಳು. ಪಲ್ಲಕ್ಕಿಯೂ ಹೊಗೆಯಾಯಿತು.

ಏಳುನೂರೂ ಮುಗಿಯಿತೆಂದು ಅವಳು ತಲೆಯೆತ್ತಿದಳು. ಗುಡಿ ಇನ್ನೂ ದೂರದಲ್ಲೇ ಇತ್ತು, ಹೊತ್ತು ಪಡುವಣಕ್ಕೆ ವಾಲಿತ್ತು. ಮುಂದಿನ ಮೆಟ್ಟಿಲಿಗೆ ಬಗ್ಗಿದಳು. ಅದರ ಮೇಲೆ ಆಗಲೇ ಬೊಟ್ಟಿತ್ತು! ಹಿಂದೆಂದೋ ಆವಿಗೆಯ ಬೆಂಕಿ ತಗಲಿ ಅವಳ ಹೆಬ್ಬೆರಳು ವಾರೆಯಾಗಿತ್ತು. ಅವಳಿಟ್ಟ ಬೊಟ್ಟು ಅರ್ಧಚಂದ್ರದ ಹಾಗೆ ಮೂಡುತ್ತಿತ್ತು. ಇದೂ ಅರ್ಧಚಂದ್ರವೇ.

"ಓಹೋ! ನಾನು ಹತ್ತಿದ ಮೆಟ್ಟಿಲನ್ನೇ ಕಿತ್ತು ತಂದು ನನ್ನ ಮುಂದೆ ಇಡ್ತಿದ್ದೀಯಾ?"

ಹೊನ್ನಾಜಿ ಗುಡಿಗೆ ಬೆನ್ನು ಮಾಡಿ, ಕೆಳಗಡೆ ನೋಡುತ್ತ, ಹಿಂದುಹಿಂದಕ್ಕೆ ಹತ್ತತೊಡಗಿದಳು. ಒಂದು, ಎರಡು, ಮೂರು. ಪೊದೆಯೊಳಗಿಂದ ಕಪ್ಪನೆಯ ಉದ್ದ ಕೈಯೊಂದು ಮೆಲ್ಲಗೆ ಬಂದು ಮೆಟ್ಟಿಲಿನ ಅಂಚು ಹಿಡಿಯಿತು. ಅವಳು ಗಬಕ್ಕನೆ ಆ ಕೈ ಹಿಡಿದು, ಅದರ ಮೇಲೆ ಅಂಗೈ ತುಂಬ ಕುಂಕುಮ ಬಳಿದಳು.

"ಬಿಡೇ! ಬಿಡು!" ಎಂದು ಅರಚಿದ ಧೂಮಕೇಶಿ.

"ಹಿಡಿದದ್ದನ್ನ ಬಿಟ್ಟು ನನಗೆ ಗೊತ್ತಿಲ್ಲ."

ಕೈ ಕಲ್ಲಾಯಿತು, ತೋಳು ಕಲ್ಲಾಯಿತು. ಮಾಂತ್ರಿಕ ಅಡ್ಡಬಿದ್ದು ಅಲ್ಲೇ ಒಂದು ಮೆಟ್ಟಿಲಾದ. ಕಿತ್ತ ಮೆಟ್ಟಿಲುಗಳೆಲ್ಲ ಗಡಗಡ ಉರುಳಿ ತಮ್ಮ ತಮ್ಮ ಜಾಗ ಸೇರಿದವು. ಹೊನ್ನಾಜಿ ತಿರುಗಿ ನೋಡಿದರೆ ಗುಡಿಯ ಬಾಗಿಲು ಎದುರಿಗೇ ಇತ್ತು.

ಮರಗಳಿಂದ ಕೋತಿಗಳು ದುಪದುಪನೆ ಹಾರಿ, ನೆಲ ಮುಟ್ಟಿದ ಕೂಡಲೇ ಮನುಷ್ಯರಾದವು. ರಾಜಕುಮಾರ ಕುದುರೆ ಎಲ್ಲಿ ಎಂದು ಹುಡುಕಿದ. ಚಿಕ್ಕೀರ ಹೆಂಡತಿಯ ಬುತ್ತಿಗೇ ಕೈ ಹಾಕಿದ.

"ಬಾಲ ಹೋದರೂ ಬುದ್ಧಿ ಹೋಗಲಿಲ್ಲ ನೋಡು. ಮೊದಲು ಅಮ್ಮನಿಗೆ ಕೈ ಮುಗಿ" ಎಂದಳು ಹೊನ್ನಾಜಿ.

ಗಿರಿಯಮ್ಮನಿಗೆ ದೀಪ ಹಚ್ಚಿ, ಕಲ್ಲುಹಾಸಿನ ಮೇಲೆ ಕೂತು ಮೊಸರನ್ನ ಉಂಡು, ಇಬ್ಬರೂ ಇಳಿದರು. ಧೂಮಕೇಶಿ ಮಲಗಿದ್ದಲ್ಲಿ ಅವಳು ನಿಂತು, ನೀಟಾಗಿ ಬೊಟ್ಟಿಟ್ಟಳು.

"ಈ ಪಾಪಿಗೂ ಯಾಕೆ?" ಎಂದ ಚಿಕ್ಕೀರ.

"ಈಗ ಅವನೂ ಮೆಟ್ಟಿಲೇ ಅಲ್ವಾ? ಒಂದನ್ನೂ ಬಿಡಲ್ಲ ಅಂತ ಹರಕೆ."

ಚಿಕ್ಕೀರ ಅವಳ ಕೈಯಿಂದ ತಟ್ಟೆ ತೆಗೆದುಕೊಂಡು ಅವಳ ಹಿಂದೆ ನಡೆದ. ಅಲ್ಲಿಂದಾಚೆಗೆ ಹೇಮಗಿರಿಯ ಜನ ಬೆಳಿಗ್ಗೆ ಹತ್ತಿದವರು ಸಂಜೆಗೆ ನಗುತ್ತ ಮನೆ ಸೇರಿದರು. ವರ್ಷವರ್ಷವೂ ತಟ್ಟೆ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತುವವರಲ್ಲಿ ಚಿಕ್ಕೀರನೇ ಮೊದಲಿಗ.