ನಾಲಿಗೆಯ ಮೇಲಿನ ಜಲ್ಲಿ

"ಮೇಲಿನ ದಾರಿ ಬೇಡಪ್ಪ. ಹೋಗಲೇಬೇಕು ಅಂದ್ರೆ ಏಳನೇ ತಿರುವಲ್ಲಿ ಇಳೀರಿ. ಒಂದು ಜಲ್ಲಿಕಲ್ಲು ನಾಲಿಗೆ ಮೇಲಿಟ್ಕೊಂಡು, ಈ ದಾರಿ ಆರಿಸಿದ್ದು ಯಾರು ಅಂತ ನಿಜ ಹೇಳಿ, ಉಗುಳಿ. ಆಮೇಲೆ ಗಾಡಿ ಬಿಡಿ."

ಚಹಾದಂಗಡಿಯ ಮುದುಕಿ ಹೀಗೆಂದಾಗ ನಕ್ಷೆಯವನು ಬಾಯಲ್ಲಿದ್ದುದು ಉದುರುವಂತೆ ನಕ್ಕ.

"ಅಜ್ಜಿ, ನಿನ್ನ ಬಿಸ್ಕತ್ತೇ ಕಲ್ಲಿನ ಹಾಗಿದೆ. ಇನ್ನೊಂದು ಬೇರೆ ಯಾಕೆ?"

ಜೊತೆಗಿದ್ದ ಡ್ರೈವರ್ ನಗಲಿಲ್ಲ. ಎರಡೂ ಕೈಯಲ್ಲಿ ಲೋಟ ಹಿಡಿದು ನೆಲ ನೋಡುತ್ತಿದ್ದ.

ನಕ್ಷೆಯವನು ಸಾಗಣೆ ಕಂಪನಿಗೆ ಸೇರಿ ಆರು ವಾರವಾಗಿತ್ತು. ಗುಡ್ಡಗಳಾಚೆಯ ಗಣಿಯಿಂದ ಲಾರಿಗಳು ಬರಲು ದಾರಿ ಆರಿಸುವುದು ಅವನ ಕೆಲಸ. ಕೆರೆ ಬಳಸಿ ಬರುವ ಕೆಳಗಿನ ಡಾಂಬರು ರಸ್ತೆಗೆ ಹನ್ನೊಂದು ಗಂಟೆ. ಎತ್ತರದ ಬಯಲು ಹತ್ತಿ ಇಳಿಯುವ ಜಲ್ಲಿ ರಸ್ತೆಗೆ ಐದೇ ಗಂಟೆ. ಕುರ್ಚಿ ಬಿಟ್ಟೇಳದೆಯೇ ಅವನು ಮೇಲಿನ ದಾರಿಗೆ ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದ. ಇವತ್ತು ಒಮ್ಮೆ ಓಡಾಡಿ 'ಯೋಗ್ಯ' ಎಂದು ಸಹಿ ಹಾಕಿದರೆ ಮುಗಿಯಿತು, ಕೆಲಸ ಕಾಯಂ.

ಮುದುಕಿ ಒಲೆಗೆ ಸೌದೆ ತುರುಕಿದಳು. "ಆ ರಸ್ತೆ ಮಾಡೋವಾಗ, ಗುಡ್ಡ ಬಿರುಕು ಬಿಟ್ಟಿದೆ ಅಂತ ಜಲ್ಲಿ ಒಡೆಯೋ ಹೆಂಗಸರು ಬಡ್ಕೊಂಡ್ರು. ಗೆರೆ ಎಳೆದಾಗಿದೆ ಅಂದ್ರು ನಿಮ್ಮ ಕಂಪನಿ ಸಾಹೇಬ್ರು. ಏಳನೇ ತಿರುವಲ್ಲಿ ಗುಡ್ಡ ಕುಸಿದು ಹತ್ತೊಂಬತ್ತು ಹೆಂಗಸರು ಒಳಗೆ ಹೋದ್ರು. ಅವರನ್ನ ತೆಗೀಲೂ ಇಲ್ಲ. ಮೇಲೇ ಜಲ್ಲಿ ಹರಡಿ ಸಮ ಮಾಡಿದ್ರು. ಕೊನೆಗೆ ತಪ್ಪು ಯಾರದು ಅಂತ ಬರೆದ್ರು ಗೊತ್ತಾ? ರೋಲರ್ ಓಡಿಸ್ತಿದ್ದ ನನ್ನ ಮಗನದು. ಜೈಲಲ್ಲೇ ಹೋದ."

"ಅದಕ್ಕೇ ಮಾಟ ಮಾಡಿಸಿದೆಯಾ?"

"ಮಾಡಿಸ್ಲಿಲ್ಲ. ಮಾಡ್ದೆ." ಚಹಾಕ್ಕೆ ಸಕ್ಕರೆ ಹಾಕಿದೆ ಎನ್ನುವಷ್ಟೇ ಸಲೀಸಾಗಿ ಹೇಳಿದಳು. "ಆ ಹೆಂಗಸರ ಗುಡಿಸಲಲ್ಲಿ ಬಾಚಣಿಗೆಗಳು ಉಳಿದಿದ್ವು. ಹಲ್ಲಿನ ಸಂದಿಯ ಕೂದಲು ಬಿಡಿಸಿ, ಮೊಳೆಗೆ ಸುತ್ತಿ, ನನ್ನ ಒಲೆ ಬೂದಿ ಬಳಿದು ತಿರುವು ತಿರುವಲ್ಲೂ ಹೂತೆ. ತನ್ನ ಪಾಪ ಇನ್ನೊಬ್ಬರ ತಲೆಗೆ ಕಟ್ಟೋನು ಬದುಕಲಿ ಅಂದೆ. ಸಾಯಲಿ ಅನ್ನಲಿಲ್ಲ ನೋಡು. ಬದುಕಲಿ ಅಂದೆ."

"ಬಹಳ ಒಳ್ಳೇ ಶಾಪ," ಎಂದು ನಕ್ಷೆಯವನು ಎದ್ದ.

"ಸರ್, ಕೆಳಗಿನ ದಾರೀಲೇ ಹೋಗೋಣ," ಎಂದ ಡ್ರೈವರ್. "ನನ್ನ ಹೆಂಡ್ತಿಗೂ ಮಾತು ಕೊಟ್ಟಿದೀನಿ."

"ದಾರಿ ಆರಿಸೋದು ನಾನಾ, ನಿನ್ನ ಹೆಂಡ್ತೀನಾ?"

ಡ್ರೈವರ್ ಬಾಯಿ ಮುಚ್ಚಿಕೊಂಡು ಗೇರು ಹಾಕಿದ. ಕೈ ಕೆಳಗಿನವರ ಮೌನವನ್ನು ಒಪ್ಪಿಗೆ ಎಂದು ಓದಲು ಈ ಲೋಕ ಎಷ್ಟು ಬೇಗ ಕಲಿಸಿಬಿಡುತ್ತದೆ! ಆರೇ ವಾರ ಸಾಕಾಗಿತ್ತು.

ನಡುಮಧ್ಯಾಹ್ನ ಜೀಪು ಎತ್ತರ ಮುಟ್ಟಿತು. ಮರವಿಲ್ಲ, ಮನೆಯಿಲ್ಲ, ಹಕ್ಕಿಯ ಸದ್ದೂ ಇಲ್ಲ. ಟೈರಿನಡಿ ಜಲ್ಲಿ ಕಟಕಟ ಹಲ್ಲು ಕಡಿಯುತ್ತಿತ್ತು. ಐದನೇ ತಿರುವಿನಲ್ಲಿ ಬಿಸಿಲು ಮಂಕಾಯಿತು. ಆರನೆಯದರಲ್ಲಿ ಮಂಜು ಬಾನೆಟ್ಟನ್ನೇ ನುಂಗಿತು. ಏಳನೆಯದು ಬರುತ್ತಿದ್ದಂತೆ ಸುಟ್ಟ ಕೂದಲಿನ ವಾಸನೆ ಗಂಟಲಿಗೆ ಅಡರಿತು.

ಡ್ರೈವರ್ ಬ್ರೇಕ್ ಒತ್ತಿದ. "ಒಂದೇ ನಿಮಿಷ ಸರ್. ನಿಮಗೆ ನಂಬಿಕೆ ಇಲ್ದಿದ್ರೆ ಬೇಡ, ನಾನು ಇಳಿದು ಹೇಳಿ ಬರ್ತೀನಿ."

"ಏನಂತ ಹೇಳ್ತೀಯ? ನನ್ನ ಹೆಸರಾ?"

"ನಿಜ ಹೇಳ್ಬೇಕಲ್ಲ ಸರ್."

"ನಡಿಯಯ್ಯಾ ಸುಮ್ನೆ!"

ಜೀಪು ಹತ್ತು ಮಾರು ಹೋಯಿತು. ಎಂಜಿನ್ ನಿಂತಿತು.

ಟಣ್. ಟಣ್. ಟಣ್.

ಕಲ್ಲಿನ ಮೇಲೆ ಸುತ್ತಿಗೆ. ಒಂದಲ್ಲ. ಹತ್ತು. ಹತ್ತೊಂಬತ್ತು. ಸದ್ದು ಮೇಲಿನಿಂದಲ್ಲ, ಅಡಿಯಿಂದ ಬರುತ್ತಿತ್ತು. ರಸ್ತೆ ಉಸಿರೆಳೆದಂತೆ ಕುಸಿಯಿತು. ಡ್ರೈವರನ ಬದಿಯ ಬಾಗಿಲು ಕಿತ್ತುಹೋಯಿತು. ಜಲ್ಲಿ ಒಳಗೆ ಹರಿಯಿತು. ಅವನ ಪಾದ, ಮೊಣಕಾಲು, ಸೊಂಟ.

"ಸರ್, ಕೈ! ಕೈ ಕೊಡಿ ಸರ್!"

ಸುತ್ತಿಗೆಗಳು ಒಮ್ಮೆಲೇ ನಿಂತವು. ಮಂಜಿನೊಳಗಿಂದ ಹೆಂಗಸರ ದನಿ, ಧೂಳು ತುಂಬಿದ ದನಿ, ಬೇಡುವಂತೆಯೂ ಅಲ್ಲ, ಬೆದರಿಸುವಂತೆಯೂ ಅಲ್ಲ. ಸುಮ್ಮನೆ ಕೇಳಿತು.

"ಯಾರು ಆರಿಸಿದ್ದು?"

ಒಂದೇ ಮಾತು. ನಾನು. ಜಲ್ಲಿ ಕಾದಿತ್ತು. ಗುಡ್ಡ ಕಾದಿತ್ತು. ಚಾಚಿದ ಕೈ ಗೇಣು ದೂರದಲ್ಲಿತ್ತು.

"ಅವನು!" ನಕ್ಷೆಯವನು ಕಿರುಚಿದ. "ಡ್ರೈವರ್! ಡ್ರೈವರೇ ಆರಿಸಿದ್ದು!"

ಡ್ರೈವರ್ ಅವನತ್ತ ತಿರುಗಿದ. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಅಚ್ಚರಿಯಿತ್ತು.

"ಸರ್... ನಾನಾ?"

ಅಷ್ಟೇ. ಗುಡ್ಡ ಜಾರಿತು. ನಕ್ಷೆಯವನ ಬದಿಯ ಬಾಗಿಲು ತಾನಾಗಿ ತೆರೆದು ಅವನನ್ನು ಗಟ್ಟಿ ನೆಲಕ್ಕೆ ಉಗುಳಿತು. ಮಂಜು ಸರಿಯಿತು. ಬಿಸಿಲು ಬಿತ್ತು. ಜೀಪಿದ್ದ ಜಾಗದಲ್ಲಿ ನಯವಾಗಿ ಹರಡಿದ ಜಲ್ಲಿ. ಅವನ ಎರಡೂ ಕೈ ನಕ್ಷೆಯ ಸುರುಳಿಯನ್ನು ಅಪ್ಪಿ ಹಿಡಿದಿದ್ದವು. ಚಾಚಿದ ಕೈಯನ್ನು ಹಿಡಿಯಲು ಒಂದನ್ನಾದರೂ ಬಿಡಿಸಿರಲಿಲ್ಲ.

ನಾಲ್ಕನೇ ದಿನ ಕಚೇರಿಯಲ್ಲಿ ವಿಚಾರಣೆ. ಉದ್ದ ಮೇಜು, ಮೂವರು ಹಿರಿಯರು, ಮೂಲೆಯಲ್ಲಿ ಟೈಪಿಸ್ಟ್.

"ದಾರಿ ಆರಿಸಿದ್ದು?"

"ಡ್ರೈವರ್," ಎಂದ. ನಾಲಿಗೆಯ ಮೇಲೆ ಏನೋ ಒರಟು ತಣ್ಣಗೆ ಮೂಡಿತು. ಬಾಯಿಂದ ಜಾರಿ ಮೇಜಿನ ಮೇಲೆ ಬಿತ್ತು. ಟಣ್. ಬೂದಿ ಮೆತ್ತಿದ ಜಲ್ಲಿಕಲ್ಲು. ಅದಕ್ಕೆ ಸುತ್ತಿಕೊಂಡ ಒಂದೆಳೆ ಉದ್ದ ಕೂದಲು.

ಹಿರಿಯರು ಯಾರೂ ಬೆಚ್ಚಲಿಲ್ಲ. ಟೈಪಿಸ್ಟ್ ಮುಖ ತಿರುಗಿಸಿದಳು. ದೊಡ್ಡ ಸಾಹೇಬರು ತಮ್ಮ ಮೇಜಿನ ಡ್ರಾಯರ್ ಎಳೆದರು. ಅದು ಭಾರಕ್ಕೆ ಕಿರುಗುಟ್ಟಿತು. ಒಳಗೆ ಅಂಚಿನ ತನಕ ಜಲ್ಲಿ. ಇವನ ಕಲ್ಲನ್ನೂ ಅದರ ಮೇಲಿಟ್ಟು ಮುಚ್ಚಿದರು.

"ಮೊದಮೊದಲು ಹಾಗೇ," ಎಂದರು ಮೆಲ್ಲಗೆ. "ಆಮೇಲೆ ಅಭ್ಯಾಸ ಆಗುತ್ತೆ. ಸಹಿ ಹಾಕಿ."

ಹಾಕಿದ.

ಹೊರಗೆ ಜಗಲಿಯಲ್ಲಿ ಡ್ರೈವರನ ಹೆಂಡತಿ ನಿಂತಿದ್ದಳು. ಕ್ವಾರ್ಟರ್ಸ್ ಖಾಲಿ ಮಾಡುವ ಚೀಟಿ ಆಗಲೇ ಕೈಯಲ್ಲಿತ್ತು.

"ಒಂದೇ ಮಾತು ಹೇಳಿಬಿಡಿ ಸರ್. ಆ ದಾರಿ ಆರಿಸಿದ್ದು ನಮ್ಮನೆಯವ್ರೇನಾ?"

ನಾಲಿಗೆಯ ಮೇಲೆ ಮತ್ತೊಂದು ಕಲ್ಲು ಮೂಡಿತ್ತು, ಮೊದಲಿನದಕ್ಕಿಂತ ದೊಡ್ಡದು. ಅದರ ಹಿಂದೆ ಒಂದು ಸಣ್ಣ ಮಾತು ಕೂತಿತ್ತು. ಉಗುಳಿದರೆ ಸಾಕು, ಮಾತೂ ಈಚೆ ಬರುತ್ತಿತ್ತು.

ನಕ್ಷೆಯವನು ಕಲ್ಲು ನುಂಗಿದ. ಹೌದೆಂದು ತಲೆಯಾಡಿಸಿದ.

ಅವಳು ಅವನ ಗಂಟಲನ್ನೇ ನೋಡಿದಳು. "ಅವ್ರಿಗೆ ಆ ದಾರಿ ಅಂದ್ರೇನೇ ಭಯ ಸರ್," ಎಂದು ಮೆಟ್ಟಿಲಿಳಿದಳು.

ಅವನ ಹೊಟ್ಟೆಯ ಆಳದಲ್ಲಿ ಸುತ್ತಿಗೆಗಳು ಶುರುವಾದವು. ಟಣ್. ಟಣ್. ಅವನು ಎಣಿಸಿದ. ಇಪ್ಪತ್ತಿದ್ದವು.